ಬೀಗರ ಚೀಸು, ಊರಿನ ಮೊಣಕಾಲು

ಗೊತ್ತಿಲ್ಲದ್ದನ್ನು ಗೊತ್ತು ಎನ್ನುವಾಗ ತಲೆಯನ್ನು ಎಷ್ಟು ಆಡಿಸಬೇಕು ಎಂಬುದು ಮೇಲುನೋಟಕ್ಕೆ ಸಣ್ಣ ವಿಷಯದಂತೆ ಕಾಣಬಹುದು. ಅಲ್ಲ. ಕಡಿಮೆ ಆಡಿಸಿದರೆ ಎದುರಿಗಿದ್ದವನು ವಿವರಿಸಲು ಕೂತುಬಿಡುತ್ತಾನೆ. ಹೆಚ್ಚು ಆಡಿಸಿದರೆ ನೀವೇ ವಿವರಿಸಿ ಎನ್ನುತ್ತಾನೆ. ಈ ಎರಡರ ನಡುವಿನ ಹದವನ್ನು ತಮಿಳುನಾಡಿನ ಪಾಲಕೋಡ್ ತಾಲ್ಲೂಕಿನಲ್ಲಿ ಪೂರ್ತಿಯಾಗಿ ಸಾಧಿಸಿದವನು ಯಾರಾದರೂ ಇದ್ದರೆ ಅವನು ತಿಮ್ಮರಾಯಪ್ಪ. ಪಟ್ಟಾ ವರ್ಗಾವಣೆ, ಟ್ರಾಕ್ಟರಿನ ಗೇರು, ಕುರಿಯ ಗೊರಸಿನ ರೋಗ, ಎಲ್ಲೋ ನಡೆಯುತ್ತಿರುವ ಯುದ್ಧ, ಯಾವ ಮಾತು ಎತ್ತಿದರೂ ಅವನ ತಲೆ ಹದವಾಗಿ ಆಡುತ್ತಿತ್ತು. ಕುರಿ ಮೇಯಿಸಿಕೊಂಡು, ಒಂದಿಷ್ಟು ರಾಗಿ, ಒಂದಿಷ್ಟು ಟೊಮೆಟೊ ಬೆಳೆದುಕೊಂಡು ಇದ್ದ ಮನುಷ್ಯ. ಅವನ ತಲೆಯಾಟದಿಂದ ಅಲ್ಲಿಯವರೆಗೆ ಯಾರಿಗೂ ಕೇಡಾಗಿರಲಿಲ್ಲ.

ಕೇಡಾದದ್ದು ಓಮಲೂರಿನಲ್ಲಿ, ಮಗಳು ಶಶಿರೇಖಾಳಿಗೆ ನೋಡಿದ್ದ ಗಂಡಿನ ಮನೆಯಲ್ಲಿ, ಕಾಫಿ ಕುಡಿಯುವಾಗ.

ಗಂಡಿನ ತಂದೆ ಗೋವಿಂದಪ್ಪನವರಿಗೆ ಹಿಟ್ಟಿನ ಗಿರಣಿ ಇತ್ತು. ಗಿರಣಿಯ ಸದ್ದಿನಲ್ಲಿ ಬಾಳಿದವರಾದ್ದರಿಂದ ಅವರು ಮನೆಯೊಳಗೂ ಗಿರಣಿ ಓಡುತ್ತಿದೆ ಎಂಬಂತೆಯೇ ಮಾತಾಡುತ್ತಿದ್ದರು. ಹುಡುಗ ಮಾದೇಶ ಸೇಲಂನಲ್ಲಿ ಕೇಟರಿಂಗ್ ಓದಿ ಏರ್ಕಾಡಿನ ಒಂದು ಹೋಟೆಲಿನಲ್ಲಿ ಅಡುಗೆಗೆ ಇದ್ದ.

"ಅಡುಗೆ ಮಾಡ್ಲಿ, ನಾನು ಬ್ಯಾಡ ಅನ್ನಕಿಲ್ಲ," ಎಂದರು ಗೋವಿಂದಪ್ಪ. "ಕುರಿಮರಿ ಬಾಯಿಂದ ಆಲು ಕಿತ್ಕಂಡು ಒಂದೂವರೆ ವರ್ಸ ಕೊಳೆ ಆಕ್ತಾನೆ ಕಣ್ರೀ! ಏನ್ಲಾ ಇದು ಅಂದ್ರೆ ಚೀಸು ಅಂತಾನೆ. ಮನೆ ಒಳಕ್ಕೆ ತಂದ್ರೆ ಕಾಲು ಮುರೀತೀನಿ ಅಂದಿದೀನಿ."

ಹುಡುಗನ ಮುಖ ಇಳಿಯಿತು. ತಿಮ್ಮರಾಯಪ್ಪ ಅದನ್ನು ನೋಡಿದ. ಶಶಿರೇಖಾ ಈ ಹುಡುಗನ ಫೋಟೋವನ್ನು ಎರಡು ಸಲ ನೋಡಿದ್ದಳು. ಹಿಂದೆ ಬಂದಿದ್ದ ಫೋಟೋಗಳಲ್ಲಿ ಯಾವುದನ್ನೂ ಅವಳು ಒಂದು ಸಲ ಕೂಡ ಪೂರ್ತಿಯಾಗಿ ನೋಡಿದವಳಲ್ಲ.

"ಚೀಸಾ?" ಎಂದ ತಿಮ್ಮರಾಯಪ್ಪ, ತಲೆ ಆಡಿಸುತ್ತ. "ಗೊತ್ತಲ್ಲ! ನಮ್ಮನೇಲಿ ಅದಿಲ್ದೆ ಊಟಾನೇ ಇಲ್ಲ."

ಅವನು ಚೀಸು ತಿಂದದ್ದು ಬಾಳಿನಲ್ಲಿ ಒಂದೇ ಸಲ, ಹೈವೇ ಪಕ್ಕದ ಬೇಕರಿಯೊಂದರಲ್ಲಿ, ಬ್ರೆಡ್ಡಿನ ನಡುವೆ, ಅದರ ಪ್ಲಾಸ್ಟಿಕ್ ಹಾಳೆಯ ಸಮೇತ.

"ನಿಜ್ವಾ ಮಾವಾ?" ಎಂದ ಮಾದೇಶ. ಇನ್ನೂ ಯಾವುದೂ ನಿಶ್ಚಯವಾಗುವ ಮೊದಲೇ ಹುಡುಗನ ಬಾಯಲ್ಲಿ ಮಾವ ಎಂದು ಬಂದಿತ್ತು. ಅವನು ತಿಮ್ಮರಾಯಪ್ಪನ ಕೈ ಹಿಡಿದು ಹಿತ್ತಲಿನ ಶೆಡ್ಡಿಗೆ ಎಳೆದುಕೊಂಡು ಹೋದ. ಬಟ್ಟೆ ಸರಿಸಿ ತೋರಿಸಿದ. ಮರಿ ಬೀಸುಕಲ್ಲಿನಂಥ ಒಂದು ಉಂಡನೆಯ ಗಟ್ಟಿ ವಸ್ತು, ಹೊರಗೆಲ್ಲ ಕಂದು ಸಿಪ್ಪೆ. ಅದರ ವಾಸನೆ ಮೂಗಿಗೆ ಬಡಿದರೂ ತಿಮ್ಮರಾಯಪ್ಪ ತಲೆಯನ್ನು ಹದವಾಗಿ ಆಡಿಸಿದ.

"ನಾನು ಮಾಡಿದ ಮೊದಲನೇದು ಮಾವಾ. ಕಾಲ್ಶಿಯಂ ರೊಂಬ ಜಾಸ್ತಿ, ಎಲುಬಿಗೆ ಅಷ್ಟು ಒಳ್ಳೇದು. ಹಾಲು ಒಗ್ಗದೋರಿಗೂ ಇದು ಒಗ್ಗುತ್ತೆ. ಹಳೇದಾದಷ್ಟೂ ಸತ್ವ. ಆದ್ರೆ ಇದನ್ನ ಬಳಸೋದು ಹೆಂಗೆ ಅಂದ್ರೆ..."

"ಗೊತ್ತು ಮಾಪ್ಳೆ, ಗೊತ್ತು," ಎಂದ ತಿಮ್ಮರಾಯಪ್ಪ. ಅಳಿಯ ಎನ್ನುವ ತಮಿಳು ಮಾತು ಅವನ ಬಾಯಲ್ಲೂ ಆಗಲೇ ಬಂದಿತ್ತು.

"ನಿಶ್ಚಯದ ದಿನ ಇದನ್ನ ನಿಮ್ಮನೇಲೇ ಕುಯ್ತೀನಿ. ನಾನೇ ಅಡುಗೆ ಮಾಡ್ತೀನಿ. ನಮ್ಮಪ್ಪ ಒಂದು ಚೂರು ಬಾಯಿಗಿಟ್ರೆ ಸಾಕು. ಅಲ್ಲೀವರೆಗೂ ನಿಮ್ಮತ್ರಾನೇ ಇರ್ಲಿ, ಇಲ್ಲಿದ್ರೆ ಅಪ್ಪ ಬಾವಿಗೆ ಎಸೀತಾರೆ. ಪೂರ್ತಿ ಇರ್ಬೇಕು ಮಾವಾ. ಇದಕ್ಕೇನಾದ್ರೂ ಆದ್ರೆ ನಾನು..."

ಹುಡುಗ ಮಾತು ಮುಗಿಸಲಿಲ್ಲ. ತಿಮ್ಮರಾಯಪ್ಪ ತನ್ನ ಮನಸ್ಸಿನಲ್ಲೇ ಮುಗಿಸಿಕೊಂಡ: ನಾನು ಈ ಮದುವೆಗೆ ಒಪ್ಪಲ್ಲ. ಆ ಘಳಿಗೆಯಿಂದ ಅವನ ಎದೆಯಲ್ಲಿ ಒಂದು ಕುರಿ ಒದೆಯಲು ಶುರುಮಾಡಿತು.

ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದ. ಬಸ್ಸು ತೊಪ್ಪೂರಿನ ಏರು ಹತ್ತುವ ಹೊತ್ತಿಗೆ ಜನ ಒಬ್ಬೊಬ್ಬರಾಗಿ ಕಾಲೆತ್ತಿ ಚಪ್ಪಲಿಯ ಅಡಿಯನ್ನು ನೋಡಿಕೊಳ್ಳತೊಡಗಿದರು. ತಮ್ಮದನ್ನು ನೋಡಿಯಾದ ಮೇಲೆ ಪಕ್ಕದವರದನ್ನು ನೋಡಿದರು. ಕಂಡಕ್ಟರ್ ಮಣಿಕಂಠನ್ ಮೂಗು ಹಿಡಿದುಕೊಂಡು ಹಿಂದಿನಿಂದ ಮುಂದಕ್ಕೆ ಬಂದ.

"ಯಾರ್‌ಯ್ಯಾ ಅದು? ಬಸ್ಸುಕುಳ್ಳೆ ಎಲಿ ಸೆತ್ತುಪೋಚ್ಚಾ?" ಎಂದು ತಮಿಳಿನಲ್ಲಿ ಗುಡುಗಿದ. ಚೀಲದ ಎದುರಿಗೆ ಬಂದು ನಿಂತ. "ಇಲಿ ನಿಮ್ ಚೀಲದಲ್ಲೇ ಸತ್ತಿರೋ ಹಂಗಿದೆಯಲ್ಲ ಪೆರಿಯವರೇ. ಇಳೀರಿ."

ತೊಪ್ಪೂರಿನ ಏರಿನಲ್ಲಿ, ಲಾರಿಗಳ ನಡುವೆ, ಮಗಳ ಬಾಳನ್ನು ಹೊತ್ತುಕೊಂಡು ಇಳಿಯುವುದೇ? ತಿಮ್ಮರಾಯಪ್ಪನ ಬಾಯಿ ತಾನಾಗಿ ಆಡಿತು.

"ಮರುಂದಪ್ಪಾ! ಮದ್ದು! ಮೂಳೆಗೆ ಆಕೋ ಮದ್ದು!"

ಮುಂದಿನ ಸೀಟಿನಿಂದ ಒಬ್ಬ ಮುದುಕ ತಿರುಗಿದ.

"ಎಲ್ಲೀದು?"

"ಓಮಲೂರು."

"ಏನ್ರಲ್ಲಿ ಮಾಡಿದ್ದು?"

"ಕುರಿ ಆಲು."

"ಎಷ್ಟು ಹಳೇದು?"

"ಒಂದೂವರೆ ವರ್ಸ."

ಮುದುಕ ಭಕ್ತಿಯಿಂದ ಮೂಗನ್ನು ಚೀಲದ ಹತ್ತಿರ ತಂದು ಉದ್ದಕ್ಕೆ ಉಸಿರೆಳೆದ. "ವಾಸ್ನೇಲೇ ಗೊತ್ತಾಯ್ತದೆ," ಎಂದು ಪಂಚೆಯನ್ನು ಮೊಣಕಾಲಿನವರೆಗೆ ಮಡಚಿದ. ಮಣಿಕಂಠನ್ ಮೂಗಿನಿಂದ ಕೈ ತೆಗೆದು, ತನ್ನ ತಾಯಿಗೆ ಎರಡೂ ಕಾಲು ಮಡಚಲು ಬರುವುದಿಲ್ಲ ಎಂದು ತಗ್ಗಿದ ದನಿಯಲ್ಲಿ ತಿಳಿಸಿ, ಊರು ಯಾವುದು, ಮನೆ ಎಲ್ಲಿ ಎಂದು ವಿಚಾರಿಸಿಕೊಂಡ.

ಇಲ್ಲಿ ಒಂದು ಮಾತು ಹೇಳಬೇಕು. ಆ ಕಡೆಯ ಹಳ್ಳಿಗಳಲ್ಲಿ ಹಳೇ ತುಪ್ಪ ಇಲ್ಲದ ಮನೆಯಿಲ್ಲ. ತುಪ್ಪವನ್ನು ಕುಡಿಕೆಯಲ್ಲಿ ಕಟ್ಟಿ ಅಟ್ಟದಲ್ಲಿಟ್ಟು ವರ್ಷಗಟ್ಟಲೆ ಮರೆಯುತ್ತಾರೆ. ಎದೆ ಕಟ್ಟಿದರೆ, ಕಾಲು ಉಳುಕಿದರೆ ಅದನ್ನು ಇಳಿಸಿ ಬಿಸಿಮಾಡಿ ತಿಕ್ಕುತ್ತಾರೆ. ಮನುಷ್ಯ ಹತ್ತಿರ ನಿಲ್ಲಲಾರದಷ್ಟು ನಾತ ಬಂದರೆ ಅದು ಒಳ್ಳೆಯ ತುಪ್ಪ. ಹೀಗಾಗಿ ಬೇರೆಯವರು ಬೀದಿಗೆ ಎಸೆಯಬಹುದಾಗಿದ್ದ ವಾಸನೆ ತಿಮ್ಮರಾಯಪ್ಪನ ತಾಯಿ ರಾಮಕ್ಕನಿಗೆ ಸರ್ಕಾರಿ ಮೊಹರಿನಂತೆ ಕಂಡಿತು.

ಹೆಂಡತಿ ಲಕ್ಷ್ಮಕ್ಕನಿಗೆ ಹಾಗೆ ಕಾಣಲಿಲ್ಲ. "ಅದನ್ನ ಆಚೆ ಇಕ್ತೀರೋ, ನಾನು ಆಚೆ ಓಗ್ಲೋ?" ಎಂದಳು. ಕೊನೆಗೆ ಅದು ಕತ್ತಲೆಕೋಣೆಯಲ್ಲಿ, ರಾಗಿ ತುಂಬುವ ಮಣ್ಣಿನ ವಾಡೆಯ ಹಿಂದೆ, ಗೋಣಿಚೀಲ ಹೊದ್ದು ಕೂತಿತು.

ಮರುದಿನ ಕುರಿ ಹೊಡೆದುಕೊಂಡು ಬಂದ ತಿಮ್ಮರಾಯಪ್ಪ ಅಂಗಳದಲ್ಲಿ ಕಂಡದ್ದು ತಾಯಿಯನ್ನು. ಕೋಲಿಲ್ಲದೆ ಓಡಾಡುತ್ತಿದ್ದಳು. ಎರಡೂ ಮೊಣಕಾಲಿಗೆ ಹಳೇ ಸೀರೆಯ ಪಟ್ಟಿ. ಪಟ್ಟಿಯ ಸಂದಿನಿಂದ ಹಳದಿ ಜಿಡ್ಡು ಇಳಿಯುತ್ತಿತ್ತು. ಹಿಂದೆ ಎರಡು ನಾಯಿ.

"ಲೇ ತಿಮ್ಮಾ, ಬೀಗ್ರು ಒಳ್ಳೇ ಜನ ಕಣ್ಲಾ. ಹೆಂಚಿನ ಮ್ಯಾಲೆ ಬಿಸಿ ಮಾಡಿ ತಿಕ್ಕಿ ಕಟ್ದೆ, ನೋವು ಎತ್ಲಾಗೆ ಓಯ್ತೋ!"

"ಅವ್ವಾ! ಅದು ತಿನ್ನೋದು!"

ರಾಮಕ್ಕ ಮಗನನ್ನು ಮರುಕದಿಂದ ನೋಡಿದಳು. "ಯಾರು ತಿಂತಾರ್ಲಾ ಅದನ್ನ? ಬಸ್ಸಲ್ಲಿ ಮದ್ದು ಅಂದಿದ್ದು ನೀನೇ ತಾನೆ? ಬಸ್ಸಿಳಿದೋರೆಲ್ಲ ಅದೇ ಮಾತಾಡ್ತಾವ್ರೆ. ಮಾರಿಯಮ್ಮ ಆಗ್ಲೇ ಕೇಳ್ಕಂಡು ಬಂದವ್ಳೆ. ಒಂದು ಚೂರು ಕೊಟ್ಟೆ, ಪಾಪ."

ಪಕ್ಕದ ಮನೆಯ ಮಾರಿಯಮ್ಮನಿಗೆ ಒಂದು ಸುದ್ದಿ ಕೊಡುವುದೆಂದರೆ ತಮಟೆಯವನಿಗೆ ಕೊಡಬೇಕಾದ್ದನ್ನು ಉಳಿಸಿದಂತೆ. ಸಂಜೆಯೊಳಗೆ ಊರಿನ ಮೊಣಕಾಲುಗಳೆಲ್ಲ ಒಟ್ಟಾಗಿ ನೋಯತೊಡಗಿದವು. ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಕಾಲು ಚಾಚಿದವರ ಸಾಲು.

ಇಲ್ಲ ಎನ್ನಬಹುದಿತ್ತಲ್ಲ ಎಂದು ಕೇಳಬಹುದು. ತಿಮ್ಮರಾಯಪ್ಪ ಅಂದ. ಅದಕ್ಕೆ ಮಾರಿಯಮ್ಮ, "ಓಗ್ಲಿ ಬುಡಣ್ಣ, ನಿನ್ನತ್ರ ಇಲ್ಲಾಂದ್ರೆ ಬ್ಯಾಡ. ಓಮಲೂರು ವೈದ್ಯರ ನಂಬರ್ ಕೊಡು, ನಾನೇ ಪೋನ್ ಮಾಡಿ ಕೇಳ್ತೀನಿ," ಎಂದಳು.

ನಂಬರು ಕೊಡುವುದೆಂದರೆ ಏನೆಂದು ತಿಮ್ಮರಾಯಪ್ಪನಿಗೆ ಸ್ಪಷ್ಟವಾಗಿ ಕಂಡಿತು. ಓಮಲೂರಿನಲ್ಲಿ ಫೋನು ಎತ್ತಿಕೊಂಡ ಗೋವಿಂದಪ್ಪನವರು, 'ನನ್ನ ಕಾಲಿಗೂ ನಿಮ್ಮ ಮದ್ದು ಬೇಕು' ಎನ್ನುವ ಮಾರಿಯಮ್ಮ, ಪಕ್ಕದಲ್ಲಿ ಕಿವಿಗೊಟ್ಟ ಮಾದೇಶ. ಅವನು ಒಳಗೆ ಹೋಗಿ ಅಡಿಯಿಂದ ಒಂದು ಚೂರು ಕುಯ್ದು ತಂದ. ಆಮೇಲೆ ಬಂದವರೆಲ್ಲ ನಂಬರನ್ನೇ ಕೇಳಿದರು, ಎಲ್ಲರಿಗೂ ಚೂರೇ ಸಿಕ್ಕಿತು. ದಿನ ಕಳೆದಂತೆ ಚೂರು ತೆಳುವಾಗುತ್ತ ಬಂದು, ಕೊನೆಗೆ ಅದರ ಮೂಲಕ ಆಚೆಗಿದ್ದವರ ಗುರುತು ಹಿಡಿಯಬಹುದಿತ್ತು.

ಊರಿನ ಆರೋಗ್ಯ ಕೇಂದ್ರದ ನರ್ಸ್ ಮೇನಕಾ ಒಂದು ದಿನ ಸ್ಕೂಟಿಯಲ್ಲಿ ಬಂದಿಳಿದಳು. ಧರ್ಮಪುರಿಯ ಹೆಣ್ಣುಮಗಳು, ತಮಿಳು ಕನ್ನಡ ಎರಡನ್ನೂ ಒಂದೇ ಸೂಜಿಯಲ್ಲಿ ಚುಚ್ಚುತ್ತಿದ್ದಳು.

"ಎನ್ನಂಗ, ಏನಿದು ತಿಮ್ಮರಾಯಪ್ಪ? ಕಾಲ್ಶಿಯಂ ಮಾತ್ರೆಗೆ ಒಬ್ಬರೂ ಬರ್ತಾ ಇಲ್ಲ. ಊರಿನ ಅಜ್ಜಿ ಪಾಟಿಗಳೆಲ್ಲಾ ನಿಮ್ಮನೆ ಮುಂದೆ. ಏನು ಕೊಡ್ತಾ ಇದೀರ? ತೋರ್ಸಿ."

ತೋರಿಸಿದ. ಮೇನಕಾ ವಾಸನೆ ನೋಡಿದಳು. ಒಂದು ಕಾಳಿನಷ್ಟು ನಾಲಿಗೆಗೆ ಹಚ್ಚಿಕೊಂಡಳು. ಅವಳ ಕಣ್ಣು ಅಗಲವಾಯಿತು.

"ಅಯ್ಯೋ ಕಡವುಳೇ, ದೇವ್ರೇ, ಇದು ಚೀಸ್! ಹಳೇ ಚೀಸ್! ಇದ್ರಲ್ಲಿ ಕಾಲ್ಶಿಯಂ ಇದೆ, ಪ್ರೋಟೀನ್ ಇದೆ, ಎಲ್ಲಾ ಇದೆ. ಆದ್ರೆ ಚರ್ಮದಿಂದ ಒಳಗೆ ಹೋಗುತ್ತಾ? ಬಾಯಿಂದ ಹೋಗ್ಬೇಕು! ಉಪ್ಪು ಜಾಸ್ತಿ, ಬಿಪಿ ಇರೋರು ಚೂರೇ ತಿನ್ಬೇಕು, ಅಷ್ಟೇ."

"ಮೆಲ್ಲಕೆ ಮೇಡಂ," ಎಂದು ತಿಮ್ಮರಾಯಪ್ಪ ಕೈ ಮುಗಿದ. "ಇದನ್ನ ತಿಂತಾರೆ ಅಂತ ಗೊತ್ತಾದ್ರೆ ಇವತ್ತೇ ಮುಗಿದೋಯ್ತದೆ."

"ನಾನು ಹೇಳ್ತೀನಿ," ಎಂದು ಮೇನಕಾ ಜಗಲಿಗೆ ಬಂದು ದನಿಯೆತ್ತಿದಳು. "ಪಾಟೀ, ಇದನ್ನ ತಿಕ್ಕೋದ್ರಿಂದ ಏನೂ ಆಗಲ್ಲ. ನನ್ನ ಮಾತ್ರೆ ತಗೊಳ್ಳಿ."

ರಾಮಕ್ಕ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿನ್ನ ಮಾತ್ರೆಗೆ ವಾಸ್ನೇನೇ ಇಲ್ವಲ್ಲ ತಾಯಿ. ಅದೆಂಗೆ ಕೆಲಸ ಮಾಡ್ತದೆ?"

ಜಗಲಿ ಒಟ್ಟಾಗಿ ಹೌದೆಂದಿತು. ಮೇನಕಾ, ತಿಕ್ಕಿಕೊಂಡರೆ ಬಿಪಿಯಾದರೂ ಏರುವುದಿಲ್ಲ ಎಂದು ಸಮಾಧಾನ ಮಾಡಿಕೊಂಡು ಸ್ಕೂಟಿ ಹತ್ತಿದಳು.

ಆ ಹೊತ್ತಿಗೆ ತಿಮ್ಮರಾಯಪ್ಪ ಒಂದು ಉಪಾಯ ಹೂಡಿದ್ದ. ಚೀಸಿನ ಚಕ್ರವನ್ನು ಮಗುಚಿ, ಮೊದಲು ಕುಯ್ದಿದ್ದ ಅಡಿಯಲ್ಲೇ ಒಂದು ತೂತು ಮಾಡಿ, ಚಮಚದಲ್ಲಿ ಒಳಗಿನಿಂದ ಕೆರೆಯುತ್ತಿದ್ದ. ಮೇಲೆ ನೋಡಿದವರಿಗೆ ಪೂರ್ತಿ ಚಕ್ರ. ಆಮೆಯ ಬೆನ್ನು ಇದ್ದರೆ ಆಮೆ ಇದೆ ಎಂದೇ ಜನ ತಿಳಿಯುತ್ತಾರೆ. ರಾತ್ರಿಯೆಲ್ಲ ನಿದ್ದೆ ಬಾರದೆ ಹೊರಳಾಡುವ ಗಂಡನನ್ನು ಲಕ್ಷ್ಮಕ್ಕ, "ನಿಮಗೂ ಮೊಣಕಾಲಾ?" ಎಂದು ಕೇಳಿದಳು. ಅವನು ಗೋಡೆಯ ಕಡೆ ತಿರುಗಿದ.

ನಿಶ್ಚಯದ ದಿನ ಬಂತು. ಬೆಳಿಗ್ಗೆ ಚಕ್ರವನ್ನು ಎತ್ತಿದರೆ ಹಕ್ಕಿಯ ಗೂಡಿನಷ್ಟು ಹಗುರ. ಕೈಗೆತ್ತಿಕೊಂಡ ಕ್ಷಣವೇ ಮಾದೇಶನಿಗೆ ಗೊತ್ತಾಗುತ್ತದೆ. ತೂಕ ಬೇಕು. ತಿಮ್ಮರಾಯಪ್ಪ ಅಡುಗೆಮನೆಗೆ ನುಗ್ಗಿದ.

"ಬ್ಯಾಗ ಒಂದು ಮುದ್ದೆ ತಿರುವು. ದೊಡ್ಡದು."

"ಇವತ್ತೂ ಮುದ್ದೇನಾ?" ಎಂದಳು ಲಕ್ಷ್ಮಕ್ಕ. "ಬೀಗ್ರಿಗೆ ಅನ್ನ ಪಾಯಸ ಮಾಡ್ತಿದೀನಿ."

"ಬೀಗ್ರಿಗಲ್ಲ. ತಿರುವು."

ಕತ್ತಲೆಕೋಣೆಯಲ್ಲಿ ಅವನು ಬಿಸಿ ಮುದ್ದೆಯನ್ನು ಹಿಡಿಹಿಡಿಯಾಗಿ ತೂತಿನೊಳಗೆ ಒತ್ತುತ್ತಿದ್ದಾಗ ಬಾಗಿಲಲ್ಲಿ ಶಶಿರೇಖಾ ನಿಂತಿದ್ದಳು, ಹೊಸ ಸೀರೆಯಲ್ಲಿ, ತಲೆಯಲ್ಲಿ ಮಲ್ಲಿಗೆ.

"ಅಪ್ಪಾ, ಏನ್ ಮಾಡ್ತಾ ಇದೀಯ?"

"ತೂಕ ಸರಿ ಮಾಡ್ತಿದೀನಿ ಮಗಾ."

ಶಶಿರೇಖಾ ಚಕ್ರ ನೋಡಿದಳು, ಮುದ್ದೆ ನೋಡಿದಳು, ಅಪ್ಪನ ಬೆವರು ನೋಡಿದಳು. ಏನೂ ಅನ್ನದೆ ಹೋದಳು. ಅದು ಅವನನ್ನು ಇನ್ನಷ್ಟು ಹೆದರಿಸಿತು.

ತೊಪ್ಪೂರಿನಲ್ಲಿ ಲಾರಿಗಳು ಸಿಕ್ಕಿಕೊಳ್ಳದಿರಲಿ ಎಂದು ದೇವರನ್ನು ಬೇಡಿಕೊಳ್ಳುವವರೇ ಎಲ್ಲ. ಸಿಕ್ಕಿಕೊಳ್ಳಲಿ ಎಂದು ಬೇಡಿಕೊಂಡ ಮನುಷ್ಯ ಅಂದು ಒಬ್ಬನೇ. ದೇವರು ಹಳೇ ರೂಢಿಯಂತೆ ನಡೆದುಕೊಂಡ. ಬೀಗರ ವ್ಯಾನು ಹೊತ್ತಿಗೆ ಮುಂಚೆಯೇ ಬಂತು.

ಚಪ್ಪರದಲ್ಲಿ ಊರೇ ಕೂತಿತ್ತು. ಬಸ್ಸಿನ ಮುದುಕ ಬಂದಿದ್ದ. ಮಣಿಕಂಠನ್ ತಾಯಿಯನ್ನು ಕರೆತಂದಿದ್ದ. ನಾಯಿಗಳು ಕರೆಯದೆ ಬಂದಿದ್ದವು. ಮಾದೇಶ ಕೂರಲೇ ಇಲ್ಲ.

"ಮಾವಾ, ಎಲ್ಲಿ?"

ತಂದು ಮೇಜಿನ ಮೇಲೆ ಇಟ್ಟದ್ದಾಯಿತು. ಮಾದೇಶ ಎತ್ತಿ ತೂಗಿದ. ತಿಮ್ಮರಾಯಪ್ಪ ಉಸಿರುಬಿಟ್ಟ. ಮಾದೇಶ ಬೆರಳಿನಿಂದ ಮೇಲೆ ತಟ್ಟಿ ಕಿವಿಗೊಟ್ಟ. ತಿಮ್ಮರಾಯಪ್ಪ ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಂಡ.

"ಸೌಂಡು ಬೇರೆ ಥರ ಬರ್ತಾ ಇದೆ."

"ಈ ಕಡೆ ಬಿಸಿಲು ಜಾಸ್ತಿ ಮಾಪ್ಳೆ."

ಗೋವಿಂದಪ್ಪನವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು, ಮಗನ ಸೋಲನ್ನು ಮುಂದಿನ ಸಾಲಿನಿಂದ ನೋಡಲು. ಮಾದೇಶ ಚಾಕು ಇಟ್ಟು ಒತ್ತಿದ. ಸಿಪ್ಪೆ ಟಕ್ ಎಂದಿತು. ಆಮೇಲೆ ಚಾಕು ಕೆಸರಿನಲ್ಲಿ ಕಾಲಿಟ್ಟಂತೆ ಇಳಿದುಹೋಯಿತು. ಚಕ್ರ ಎರಡಾಯಿತು. ಅಂಚಿನಲ್ಲಿ ಬೆರಳಗಲದ ಹಳದಿ. ನಡುವೆಲ್ಲ ಕರ್ರಗೆ ಮಿರಿಮಿರಿ ಹೊಳೆಯುವ ಮುದ್ದೆ. ಸಣ್ಣಗೆ ಹಬೆಯಾಡುತ್ತಿತ್ತು.

ಗೋವಿಂದಪ್ಪನವರು ಬಾಗಿ ಬೆರಳಿನಲ್ಲಿ ಒತ್ತಿ ನೋಡಿದರು.

"ಲೇ ಮಾದೇಸ, ಇದು ಮುದ್ದೆ ಕಣ್ಲಾ."

ಮಾದೇಶನ ಬಾಯಿ ತೆರೆದೇ ಇತ್ತು.

"ಇದಕ್ಕಾ ಒಂದೂವರೆ ವರ್ಸ? ನಿಮ್ಮವ್ವ ದಿನಾ ಸಂಜೆ ಗಳಿಗೇಲಿ ತಿರುವಾಕ್ತಾಳಲ್ಲೋ!" ಅವರ ಮುಖ ಅರಳಿತ್ತು. "ಮುದ್ದೆ ಮಾಡ್ತೀನಿ ಅಂತ ಮೊದ್ಲೇ ಯೋಳಿದ್ರೆ ನಾನ್ಯಾಕೆ ಬೈತಿದ್ದೆ? ಒಳ್ಳೇ ರಾಗಿ. ನುಣ್ಣಗೆ ಬೀಸೈತೆ."

"ಮಾವಾ," ಎಂದ ಮಾದೇಶ, ತುಂಬ ಮೆಲ್ಲಗೆ. "ಒಳಗಿದ್ದದ್ದನ್ನ ಯಾರು ತಿಂದ್ರು?"

"ಯಾರೂ ತಿಂದಿಲ್ಲ ಮಾಪ್ಳೆ. ದೇವ್ರಾಣೆ. ಒಬ್ರೂ ಬಾಯಿಗಿಟ್ಟಿಲ್ಲ."

ಇಷ್ಟು ಶುದ್ಧವಾದ ಸತ್ಯ ಅವನ ಬಾಯಿಂದ ಬಂದು ಬಹಳ ಕಾಲವಾಗಿತ್ತು. ಯಾರೂ ನಂಬಲಿಲ್ಲ.

"ತಿನ್ನೋದ್ಯಾಕೆ?" ಎಂದಳು ರಾಮಕ್ಕ. "ಇಲ್ಲೈತೆ ನೋಡು ಮಗಾ." ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ತೋರಿಸಿದಳು. ಮಾರಿಯಮ್ಮನೂ ತೋರಿಸಿದಳು. ಬಸ್ಸಿನ ಮುದುಕ ಪಂಚೆ ಮಡಚಿದ. ಸಾಲುಸಾಲಾಗಿ ಪಟ್ಟಿ ಕಟ್ಟಿದ ಮೊಣಕಾಲುಗಳು ಬಯಲಾದವು, ವಾಸನೆ ಎದ್ದು ನಿಂತಿತು. ಮಾದೇಶನ ಒಂದೂವರೆ ವರ್ಷ ಚಪ್ಪರದ ತುಂಬ ಕಾಲು ಚಾಚಿಕೊಂಡು ಕೂತಿತ್ತು.

ಅವನು ಚಾಕುವನ್ನು ಮೇಜಿನ ಮೇಲೆ ಎಸೆದು ಹೊರಟ. ಮಾದೇಶನ ತಾಯಿಯ ಕೈ ತಾವು ತಂದಿದ್ದ ಹೂವಿನ ತಟ್ಟೆಯನ್ನು ನಿಧಾನವಾಗಿ ತಮ್ಮ ಕಡೆಗೆ ಎಳೆದುಕೊಂಡಿತು. ಲಕ್ಷ್ಮಕ್ಕ ಸೆರಗು ಬಾಯಿಗೆ ಹಿಡಿದಳು. ತಿಮ್ಮರಾಯಪ್ಪ ಹಿಂದೆ ಓಡಿದ, ಪಂಚೆ ಕಾಲಿಗೆ ತೊಡರಿ ಬಿದ್ದ, ಎದ್ದ, ಮತ್ತೆ ಓಡಿದ.

ವ್ಯಾನಿನ ಹತ್ತಿರ ಮಾದೇಶನ 'ರೋಗಿ'ಗಳು ಅವನನ್ನು ಮುತ್ತಿದ್ದರು. ಬಸ್ಸಿನ ಮುದುಕ ಅವನ ಕೈಯನ್ನು ಕಣ್ಣಿಗೊತ್ತಿಕೊಂಡ. "ನೀವೇನಾ ವೈದ್ಯರು? ಬಾಳಾ ಸಣ್ಣೋರು! ಒಳ್ಳೇ ಕೈಗುಣ ಸ್ವಾಮಿ."

"ಸಾರ್, ಅಡುತ್ತ ಸರಕು ಎಪ್ಪೋ?" ಎಂದು ಮಣಿಕಂಠನ್ ಮುಂದಿನ ಸರಕು ಯಾವಾಗ ಎಂದು ಕೇಳಿದ. "ಸೇಲಂ ಟ್ರಿಪ್ಪಲ್ಲಿ ನಾನೇ ತಂದ್ಬಿಡ್ತೀನಿ. ಲಗೇಜ್ ದುಡ್ಡು ಬೇಡ."

"ಬಿಡಿ!" ಎಂದು ಕೂಗಿದ ಮಾದೇಶ. "ಮಾವ ನನ್ನತ್ರ ಗೊತ್ತು ಗೊತ್ತು ಅಂತ..."

"ಅವ್ರಿಗೆ ಏನೂ ಗೊತ್ತಿಲ್ಲ." ದನಿ ಅಡುಗೆಮನೆಯ ಕಿಟಕಿಯಿಂದ ಬಂತು. ಶಶಿರೇಖಾ ಸರಳು ಹಿಡಿದು ನಿಂತಿದ್ದಳು. "ಚೀಸ್ ಅಂದ್ರೆ ಏನೂಂತಾನೇ ಅಪ್ಪಂಗೆ ಗೊತ್ತಿಲ್ಲ. ನಿಮ್ಮಪ್ಪ ಬೈದಾಗ ನಿಮ್ಮ ಮುಖ ಇಳೀತಂತೆ. ನೋಡಕ್ಕಾಗ್ದೆ ಗೊತ್ತು ಅಂದ್ರು. ಅವತ್ತು ನಿಮ್ಮನೇಲಿ ನಿಮ್ಮ ಕಡೆ ಮಾತಾಡಿದ್ದು ಬೇರೆ ಯಾರು, ಹೇಳಿ?"

ಮಾದೇಶ ವ್ಯಾನಿನ ಬಾಗಿಲಿನಿಂದ ಕೈ ತೆಗೆದ.

"ಅಷ್ಟು ಕೋಪ ಇದ್ರೆ ಇನ್ನೊಂದು ಮಾಡಿ. ಒಂದೂವರೆ ವರ್ಷ ತಾನೆ? ಕಾಯೋಣ."

"ಮದುವೆಗಾ?" ಎಂದು ಮಾದೇಶ ಬೆಚ್ಚಿದ.

"ಚೀಸ್‌ಗೆ."

ಕಿಟಕಿ ಮುಚ್ಚಿಕೊಂಡಿತು. ಒಂದು ನಾಯಿ ಮಾದೇಶನ ಚಪ್ಪಲಿ ನೆಕ್ಕಿತು. ಆಮೇಲೆ ಅವನು ತಿರುಗಿ ಚಪ್ಪರದೊಳಕ್ಕೆ ನಡೆದು, ಎರಡು ಹೋಳನ್ನೂ ಎತ್ತಿಕೊಂಡು ನೇರ ಅಡುಗೆಮನೆಗೆ ಹೋದ. ಮನೆಯವರಿಗೆಂದು ಮೂಲೆಯಲ್ಲಿ ಇಟ್ಟಿದ್ದ ಹುರುಳಿ ಸಾರನ್ನು ಒಲೆಗೇರಿಸಿದ. ಅಂಚಿನ ಹಳದಿಯನ್ನು ಕೆರೆದು ತೆಗೆದಿಟ್ಟು, ಸಿಪ್ಪೆಯನ್ನು ಚೆನ್ನಾಗಿ ಒರೆಸಿ ಸಾರಿಗೆ ಹಾಕಿದ.

"ಸಿಪ್ಪೆ ಎಸೀಬಾರ್ದು ಅತ್ತೆ, ಕುದಿಸಿ ಆಮೇಲೆ ತೆಗೀಬೇಕು. ಉಪ್ಪು ಹಾಕ್ಬೇಡಿ, ಇದ್ರಲ್ಲೇ ಐತೆ. ಈ ಪುಡಿ ಕೊನೇಲಿ, ಒಲೆ ಆರಿಸಿದ ಮೇಲೆ."

"ಯಾಕೆ, ಮೊದ್ಲೇ ಆಕಿದ್ರೆ ಏನಾಯ್ತದೆ?" ಎಂದು ತಿಮ್ಮರಾಯಪ್ಪ ಕೇಳಿದ.

"ಗಂಟು ಗಂಟಾಗುತ್ತೆ ಮಾವಾ."

ಎಲೆ ಹಾಕಿದರು. ಗೋವಿಂದಪ್ಪನವರು ಅನ್ನವನ್ನು ಪಕ್ಕಕ್ಕೆ ಸರಿಸಿ, ಮಗ ಒಂದೂವರೆ ವರ್ಷ ಕಷ್ಟಪಟ್ಟ ಮುದ್ದೆಯೇ ಬೇಕೆಂದರು. ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಿದರು. ಕೈ ಎಲೆಯ ಮೇಲೇ ನಿಂತಿತು.

"ಸಾರು ಯಾರು ಮಾಡಿದ್ದು?"

"ನಾನು," ಎಂದ ಮಾದೇಶ.

"ಏನಾಕಿದೀಯ ಇದಕ್ಕೆ?"

"ಕೊಳೆತ ಹಾಲು."

ಗೋವಿಂದಪ್ಪನವರು ಮಗನ ಮುಖ ನೋಡಲಿಲ್ಲ. ಎಲೆಯನ್ನು ನೋಡಿಕೊಂಡು ಯೋಚಿಸಿದರು.

"ಇನ್ನೊಂಚೂರು ಬುಡು," ಎಂದರು.

ತಾಂಬೂಲ ಬದಲಾಯಿತು. ಮದುವೆ ಸಂಕ್ರಾಂತಿಯಿಂದ ಶುರುವಾಗುವ ತೈ ತಿಂಗಳಿಗೆ ನಿಶ್ಚಯವಾಯಿತು. ಊರಿನಲ್ಲಿ ಯಾರ ಮೊಣಕಾಲು ನೋವೂ ವಾಸಿಯಾಗಲಿಲ್ಲ.